ಅವಳ ಮಾತಿನಲ್ಲೇ ಬರೆದ ಮೊದಲ ಕಾಗದ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಕೇಳದ ಕನ್ನಡದ ಮನೆಯಿಲ್ಲ. ಸಣ್ಣಪುಟ್ಟ ಮುನಿಸುಗಳಿಗೆ ಈ ಮಾತು ಒಪ್ಪುತ್ತದೆ. ಆದರೆ ಉಣ್ಣಲು ಅನ್ನವನ್ನೇ ಇಡದ ಮನೆಗೆ, ಮಲಗಿದವಳನ್ನು ಎಬ್ಬಿಸಿ ಹೊಡೆಯುವ ಮನೆಗೆ ಇದನ್ನು ಹೊಂದಿಸುವುದು ಹೇಗೆ? ಅಂಥ ಮನೆಯಿಂದ ಹೊರಬಂದ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು, ಯಾರ ಮುಂದೆ ಕುಳಿತು, ಯಾವ ಭಾಷೆಯಲ್ಲಿ ತನ್ನ ದುಃಖವನ್ನು ಹೇಳಿಕೊಳ್ಳಬೇಕು ಎಂಬುದಕ್ಕೆ ಗಾದೆಗಳಲ್ಲಿ ಉತ್ತರ ಸಿಗದು. ಕಾನೂನಿನಲ್ಲಿ ಸಿಗುತ್ತದೆ. ಆ ಕಾನೂನನ್ನು ಅವಳ ಕೈಗೆ ತಲುಪಿಸುವ ಕೆಲಸವನ್ನು ಹಲವು ಸ್ವಯಂಸೇವಾ ಸಂಸ್ಥೆಗಳು ಸದ್ದಿಲ್ಲದೆ ಮಾಡುತ್ತಿವೆ. ಕಾಸರಗೋಡಿನ ಕನ್ನಡ ಕುಟುಂಬಗಳು ಈ ಸಂಸ್ಥೆಗಳನ್ನು ಎಷ್ಟು ಬಲ್ಲವು, ಈ ಸಂಸ್ಥೆಗಳು ಕನ್ನಡವನ್ನು ಎಷ್ಟು ಬಲ್ಲವು ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಬೇಕಾಗಿದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು 2019ರಿಂದ 2021ರ ವರೆಗೆ ನಡೆಯಿತು. ದೇಶದಲ್ಲಿ 18ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರ ಪೈಕಿ ಶೇಕಡಾ 29.3 ಮಂದಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ಅದರಲ್ಲಿ ಹೇಳಿದರು. ಕೇರಳದಲ್ಲಿ ಈ ಪ್ರಮಾಣ ಶೇಕಡಾ 9.9, ಕರ್ನಾಟಕದಲ್ಲಿ ಶೇಕಡಾ 44.4. ಗಡಿಯ ಈಚೆಗಿನ ಹೆಣ್ಣುಮಕ್ಕಳು ಆಚೆಗೂ, ಆಚೆಗಿನವರು ಈಚೆಗೂ ಮದುವೆಯಾಗಿ ಹೋಗುವ ಈ ನಾಡಿನಲ್ಲಿ ಎರಡೂ ಅಂಕಿಗಳು ನಮ್ಮವೇ. ಇವುಗಳಿಗಿಂತ ಹೆಚ್ಚು ಯೋಚಿಸಬೇಕಾದ ಅಂಕಿ ಇನ್ನೊಂದಿದೆ. ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದ ಮಹಿಳೆಯರಲ್ಲಿ 100ಕ್ಕೆ 77 ಮಂದಿ ಯಾರ ನೆರವನ್ನೂ ಕೇಳಿರಲಿಲ್ಲ, ಯಾರೊಡನೆಯೂ ಬಾಯಿಬಿಟ್ಟಿರಲಿಲ್ಲ. ನೆರವು ಕೇಳಿದವರು 14 ಮಂದಿ ಮಾತ್ರ.

ಈ ಮೌನಕ್ಕೂ ನ್ಯಾಯಾಲಯಕ್ಕೂ ನಡುವೆ ಇರುವುದು ಒಂದು ಮೇಜು, ಎರಡು ಕುರ್ಚಿ, ಒಂದು ನಮೂನೆಯ ಕಾಗದ. ಆ ಕಾಗದವನ್ನು ಯಾರು, ಹೇಗೆ ಬರೆಯುತ್ತಾರೆ ಎಂಬುದರ ಮೇಲೆ ಮುಂದಿನ ಎಷ್ಟೋ ಸಂಗತಿಗಳು ನಿಂತಿವೆ.

ಕಾನೂನು ತೆರೆದ ಬಾಗಿಲು

1983ರಲ್ಲಿ ಭಾರತೀಯ ದಂಡ ಸಂಹಿತೆಗೆ 498ಎ ಸೆಕ್ಷನ್ ಸೇರಿತು. ಗಂಡ ಮತ್ತು ಅವನ ಬಂಧುಗಳು ಎಸಗುವ ಕ್ರೌರ್ಯ ಅಂದಿನಿಂದ ಶಿಕ್ಷಾರ್ಹ ಅಪರಾಧವಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ವಿಷಯ 85 ಮತ್ತು 86ನೆಯ ಸೆಕ್ಷನ್‌ಗಳಲ್ಲಿದೆ. ಆದರೆ ಅದು ಅಪರಾಧಿಯನ್ನು ಶಿಕ್ಷಿಸುವ ಕಾನೂನು. ನೊಂದ ಮಹಿಳೆಯರಲ್ಲಿ ಹೆಚ್ಚಿನವರು ಮೊದಲು ಬಯಸುವುದು ಗಂಡನ ಸೆರೆವಾಸವನ್ನಲ್ಲ. ಹೊಡೆತ ನಿಲ್ಲಬೇಕು, ತಲೆಯ ಮೇಲೆ ಸೂರು ಉಳಿಯಬೇಕು, ಮಕ್ಕಳ ಶಾಲೆ ತಪ್ಪಬಾರದು, ಅಂಗಡಿಯ ಸಾಲ ತೀರಿಸಲು ಕೈಯಲ್ಲಿ ನಾಲ್ಕು ಕಾಸು ಇರಬೇಕು ಎಂಬುದಷ್ಟೇ ಅವರ ಬೇಡಿಕೆ. ಇದಕ್ಕೆ ಉತ್ತರವಾಗಿ ಬಂದದ್ದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ. ಮಹಿಳಾ ಸಂಘಟನೆಗಳ ಹಲವು ವರ್ಷಗಳ ಒತ್ತಾಯದ ಹಿನ್ನೆಲೆಯಲ್ಲಿ, ಲಾಯರ್ಸ್ ಕಲೆಕ್ಟಿವ್ ಎಂಬ ವಕೀಲರ ಸಂಸ್ಥೆ ಕರಡು ರೂಪಿಸುವಲ್ಲಿ ದುಡಿದ ಈ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು.

ಕಾಯ್ದೆಯ 3ನೆಯ ಸೆಕ್ಷನ್ ಹಿಂಸೆ ಎಂಬ ಪದದ ಅರ್ಥವನ್ನು ವಿಸ್ತರಿಸಿತು. ಮೈಮೇಲೆ ಗಾಯವಾದರೆ ಮಾತ್ರ ಹಿಂಸೆ ಎಂಬ ತಿಳಿವಳಿಕೆಯನ್ನು ಅದು ಬದಿಗಿಟ್ಟಿತು. ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ, ಆರ್ಥಿಕ ಎಂದು ನಾಲ್ಕು ಬಗೆಗಳನ್ನು ಹೇಳಿತು. ಹೆಣ್ಣು ಹೆತ್ತಳೆಂದು ಜರೆಯುವುದು, ಕೆಲಸಕ್ಕೆ ಹೋಗದಂತೆ ತಡೆಯುವುದು, ಮನೆಯ ಖರ್ಚಿಗೆ ಹಣ ಕೊಡದಿರುವುದು, ತವರಿನಿಂದ ತಂದ ಚಿನ್ನವನ್ನು ಕಸಿದುಕೊಂಡು ಅಡವಿಡುವುದು, ಇವೆಲ್ಲ ಇದರೊಳಗೆ ಬರುತ್ತವೆ. ಸ್ತ್ರೀಧನ ಹೆಂಡತಿಯ ಸ್ವಂತ ಸೊತ್ತು ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲೇ ಸ್ಪಷ್ಟಪಡಿಸಿತ್ತು. ಅದನ್ನು ಮರಳಿಸುವಂತೆ ಆದೇಶಿಸುವ ಅಧಿಕಾರ ಈ ಕಾಯ್ದೆಯಡಿ ಮ್ಯಾಜಿಸ್ಟ್ರೇಟರಿಗಿದೆ.

ಹೆಂಡತಿಗೆ ಮಾತ್ರ ಮೀಸಲಾದ ಕಾಯ್ದೆಯೂ ಇದಲ್ಲ. ಮಗನ ಕೈಯಲ್ಲಿ ನೊಂದ ತಾಯಿ, ಅಣ್ಣನ ಮನೆಯಲ್ಲಿ ನೊಂದ ತಂಗಿ, ಗಂಡ ತೀರಿಕೊಂಡ ಬಳಿಕ ಮೈದುನರಿಂದ ಹೊರದೂಡಲ್ಪಟ್ಟ ವಿಧವೆ, ಎಲ್ಲರೂ ಇದರ ಆಶ್ರಯ ಪಡೆಯಬಹುದು. ದೂರನ್ನು ವಯಸ್ಕ ಗಂಡಸಿನ ವಿರುದ್ಧ ಮಾತ್ರ ಕೊಡಬಹುದು ಎಂದಿದ್ದ ಮಿತಿಯನ್ನು 2016ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ‘ಮನೆ ನಿನ್ನ ಗಂಡನ ಹೆಸರಲ್ಲಿಲ್ಲ, ಮಾವನ ಹೆಸರಲ್ಲಿದೆ, ನಿನಗೇನು ಹಕ್ಕು?’ ಎಂಬ ಮಾತಿಗೂ 2020ರಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದ ತೀರ್ಪು ಉತ್ತರ ಕೊಟ್ಟಿತು. ಅವಳು ಸಂಸಾರ ಹೂಡಿ ಬಾಳಿದ ಮನೆ ಗಂಡನ ಬಂಧುಗಳ ಸೊತ್ತಾಗಿದ್ದರೂ ಅಲ್ಲಿ ವಾಸಿಸುವ ಹಕ್ಕನ್ನು ಅವಳು ಕೇಳಬಹುದು.

ಸೇವಾ ಸಂಸ್ಥೆಯ ಕೆಲಸವೇನು?

ಈ ಕಾಯ್ದೆಯ ವೈಶಿಷ್ಟ್ಯವೊಂದಿದೆ. ಪೊಲೀಸ್ ಠಾಣೆ, ನ್ಯಾಯಾಲಯಗಳ ಜೊತೆಗೆ ಸ್ವಯಂಸೇವಾ ಸಂಸ್ಥೆಗಳಿಗೂ ಅದು ಅಧಿಕೃತ ಸ್ಥಾನ ಕೊಟ್ಟಿದೆ. ಮಹಿಳೆಯರ ಹಕ್ಕು ಮತ್ತು ಹಿತಾಸಕ್ತಿಯ ರಕ್ಷಣೆಯನ್ನು ಧ್ಯೇಯವಾಗಿ ಉಳ್ಳ ನೋಂದಾಯಿತ ಸಂಘ ಅಥವಾ ಕಂಪೆನಿ 10ನೆಯ ಸೆಕ್ಷನ್ ಪ್ರಕಾರ ಸರಕಾರದಲ್ಲಿ ಸೇವಾ ಸಂಸ್ಥೆಯಾಗಿ ಹೆಸರು ದಾಖಲಿಸಿಕೊಳ್ಳಬಹುದು. ಅದಕ್ಕೆ ಮೊದಲು ಕನಿಷ್ಠ 3 ವರ್ಷ ಈ ಕ್ಷೇತ್ರದಲ್ಲಿ ದುಡಿದಿರಬೇಕು ಎಂದು 2006ರ ನಿಯಮಗಳು ಹೇಳುತ್ತವೆ. ಹೀಗೆ ದಾಖಲಾದ ಸಂಸ್ಥೆ ಮೂರು ಕೆಲಸಗಳನ್ನು ಮಾಡಬಹುದು. ನೊಂದ ಮಹಿಳೆ ಬಯಸಿದರೆ ಕೌಟುಂಬಿಕ ಘಟನಾ ವರದಿಯನ್ನು ಬರೆದು ಮ್ಯಾಜಿಸ್ಟ್ರೇಟರಿಗೂ ಸಂರಕ್ಷಣಾಧಿಕಾರಿಗೂ ಕಳುಹಿಸುವುದು, ಅವಳಿಗೆ ವೈದ್ಯಕೀಯ ತಪಾಸಣೆ ಮಾಡಿಸುವುದು, ಬೇಕಿದ್ದರೆ ಆಶ್ರಯ ಒದಗಿಸುವುದು. ಸದುದ್ದೇಶದಿಂದ ಮಾಡಿದ ಇಂಥ ಕೆಲಸಕ್ಕಾಗಿ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡುವಂತಿಲ್ಲ.

ಘಟನಾ ವರದಿ ಎಂದರೆ ನಿಯಮಾವಳಿಯ ಮೊದಲನೆಯ ನಮೂನೆ. ನಾಲ್ಕು ಬಗೆಯ ಹಿಂಸೆಗೂ ಅದರಲ್ಲಿ ಪ್ರತ್ಯೇಕ ಅಂಕಣಗಳಿವೆ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾರಿಂದ, ಯಾವ ಬಗೆಯ ಗಾಯ ಎಂದು ಅದು ಕೇಳುತ್ತದೆ. ಇಲ್ಲಿಯೇ ಅನುಭವಿ ಕಾರ್ಯಕರ್ತೆಯ ಕೌಶಲ ಬೆಳಕಿಗೆ ಬರುತ್ತದೆ. ಹತ್ತು ವರ್ಷದ ಸಂಕಟವನ್ನು ಹೊತ್ತು ಬಂದವಳು ತಾರೀಕುಗಳನ್ನು ನೆನಪಿಟ್ಟಿರುವುದಿಲ್ಲ. ‘ಆಟಿಯಲ್ಲಿ, ಮಳೆ ಜೋರಿದ್ದಾಗ’, ‘ಕೋಲದ ಮರುದಿನ’, ‘ಮಗನನ್ನು ಒಂದನೆಯ ಕ್ಲಾಸಿಗೆ ಸೇರಿಸಿದ ವಾರ’ ಎಂದು ಹೇಳುವವರೇ ಹೆಚ್ಚು. ಆ ನೆನಪುಗಳನ್ನು ಒಂದೊಂದಾಗಿ ಬಿಡಿಸಿ, ಪಂಚಾಂಗಕ್ಕೂ ಶಾಲೆಯ ದಾಖಲೆಗೂ ಆಸ್ಪತ್ರೆಯ ಚೀಟಿಗೂ ಹೊಂದಿಸಿ, ದಿನಾಂಕದ ಅಂಕಣದಲ್ಲಿ ಬರೆಯಬೇಕು. ಅವಳು ಅತ್ತಾಗ ಪೆನ್ನು ಕೆಳಗಿಡಬೇಕು. ಹೇಳದ ಮಾತನ್ನು ತಾನಾಗಿ ಸೇರಿಸಬಾರದು, ಹೇಳಿದ್ದನ್ನು ನಾಚಿಕೆಯ ನೆಪದಲ್ಲಿ ಬಿಡಬಾರದು.

ಈ ವರದಿಯಿಲ್ಲದಿದ್ದರೂ ಮ್ಯಾಜಿಸ್ಟ್ರೇಟರು ಅರ್ಜಿಯನ್ನು ವಿಚಾರಣೆಗೆ ಎತ್ತಿಕೊಳ್ಳಬಹುದು ಎಂದು 2022ರಲ್ಲಿ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ವರದಿ ಇಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಆದರೆ ವರದಿ ಇದ್ದರೆ ಆದೇಶ ಹೊರಡಿಸುವ ಮುನ್ನ ಮ್ಯಾಜಿಸ್ಟ್ರೇಟರು ಅದನ್ನು ಪರಿಗಣಿಸಲೇಬೇಕು. ವಕೀಲರು ಬರುವ ಮೊದಲೇ, ನೆನಪು ಹಸಿಯಾಗಿರುವಾಗಲೇ ಬರೆದ ಕಾಗದಕ್ಕೆ ತನ್ನದೇ ಆದ ತೂಕವಿರುತ್ತದೆ.

ವರದಿಯ ಜೊತೆಗೆ ಸುರಕ್ಷತಾ ಯೋಜನೆ ಎಂಬ ಇನ್ನೊಂದು ನಮೂನೆಯಿದೆ. ಅವಳಿಗೆ ಯಾವುದರ ಭಯವಿದೆ, ಅದನ್ನು ತಡೆಯಲು ಯಾವ ಕ್ರಮ ಬೇಕು, ಯಾವ ಆದೇಶ ಕೇಳಬೇಕು ಎಂದು ಅದರಲ್ಲಿ ಬರೆಯುತ್ತಾರೆ. ಮನೆಗೆ ಮರಳುವ ನಿರ್ಧಾರ ಅವಳದಾದರೆ ಅದನ್ನೂ ಗೌರವಿಸಬೇಕು. ರೇಶನ್ ಕಾರ್ಡು, ಆಧಾರ್, ಪಾಸ್‌ಪುಸ್ತಕ, ಮಕ್ಕಳ ಜನನ ಪ್ರಮಾಣಪತ್ರಗಳ ಪ್ರತಿ ಎಲ್ಲಿರಬೇಕು, ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಅವಳ ಜೊತೆ ಕುಳಿತು ಯೋಚಿಸುವುದು ಒಳ್ಳೆಯ ಸಂಸ್ಥೆಯ ಲಕ್ಷಣ. ಆಶ್ರಯ ಕೇಳಿ ಬಂದವಳನ್ನು, ವರದಿ ದಾಖಲಿಸಿಲ್ಲ ಎಂಬ ಕಾರಣಕ್ಕೆ ಆಶ್ರಯಧಾಮ ಹಿಂದೆ ಕಳುಹಿಸುವಂತಿಲ್ಲ. ಅವಳು ಬೇಡವೆಂದರೆ ಅವಳು ಅಲ್ಲಿರುವ ಸುದ್ದಿಯನ್ನು ಎದುರು ಕಕ್ಷಿಗೆ ತಿಳಿಸುವಂತೆಯೂ ಇಲ್ಲ.

ಅನ್ವೇಷಿಯಿಂದ ಸ್ನೇಹಿತಾದವರೆಗೆ

ಇಂಥ ಕೆಲಸ ಕಾಯ್ದೆಗಿಂತ ಹಳೆಯದು. ಉತ್ತರ ಕೇರಳದಲ್ಲಿ ಇದಕ್ಕೆ ದೊಡ್ಡ ನಿದರ್ಶನ ಕಲ್ಲಿಕೋಟೆಯ ‘ಅನ್ವೇಷಿ’. 1968ರಲ್ಲಿ ವಯನಾಡಿನ ಪುಲ್ಪಳ್ಳಿಯ ನಕ್ಸಲ್ ದಾಳಿಯಲ್ಲಿ ಪಾಲ್ಗೊಂಡು ಸೆರೆಮನೆ ಕಂಡ ಕೆ. ಅಜಿತಾ ಬಿಡುಗಡೆಯ ಬಳಿಕ ಬಂದೂಕಿನ ದಾರಿಯನ್ನು ಬಿಟ್ಟು ಮಹಿಳೆಯರ ಸಂಘಟನೆಗೆ ಇಳಿದರು. 1993ರಲ್ಲಿ ಅವರು ಅನ್ವೇಷಿ ಮಹಿಳಾ ಆಪ್ತಸಮಾಲೋಚನಾ ಕೇಂದ್ರವನ್ನು ಕಟ್ಟಿದರು. ಅಂದು ಕೌಟುಂಬಿಕ ಹಿಂಸೆ ಎಂಬ ಹೆಸರಿನ ಕಾಯ್ದೆಯೇ ದೇಶದಲ್ಲಿರಲಿಲ್ಲ. ನೊಂದವರ ಮಾತು ಕೇಳುವುದು, ಠಾಣೆಗೂ ನ್ಯಾಯಾಲಯಕ್ಕೂ ಜೊತೆಗೆ ಹೋಗುವುದು, ಕಾನೂನಿನ ಸಲಹೆ ಕೊಡುವುದು, ಹೋಗಲು ಎಡೆಯಿಲ್ಲದವರಿಗೆ ಕೆಲವು ಕಾಲ ನೆಲೆ ನೀಡುವುದು ಅವರ ಕೆಲಸವಾಯಿತು. ಜೊತೆಗೆ ಓದುವುದಕ್ಕೊಂದು ಗ್ರಂಥಾಲಯವೂ ಬೆಳೆಯಿತು. ಹಿಂಸೆಯಿಂದ ಹೊರಬಂದವಳಿಗೆ ಅನ್ನದಷ್ಟೇ ಓದೂ ಬೇಕು ಎಂಬ ನಂಬಿಕೆ ಅದರ ಹಿಂದೆ ಕಾಣುತ್ತದೆ.

ಅನ್ವೇಷಿಯಂಥ ಸಂಸ್ಥೆಗಳು ಬೀದಿಯಲ್ಲಿ ನಿಂತು ಕೇಳಿದ್ದನ್ನು ಮುಂದೆ ಸರಕಾರವೂ ಒಪ್ಪಿಕೊಳ್ಳಬೇಕಾಯಿತು. 1998ರಲ್ಲಿ ಮಲಪ್ಪುರದಲ್ಲಿ ಉದ್ಘಾಟನೆಗೊಂಡ ಕುಟುಂಬಶ್ರೀ 2013ರಲ್ಲಿ ಕೆಲವು ಜಿಲ್ಲೆಗಳಲ್ಲಿ ‘ಸ್ನೇಹಿತಾ’ ಎಂಬ ಸಹಾಯಕೇಂದ್ರವನ್ನು ಆರಂಭಿಸಿತು. ಅದು ಈಗ ಕಾಸರಗೋಡಿನಲ್ಲೂ ಇದೆ. ಹಗಲು ರಾತ್ರಿಯೆನ್ನದೆ ಬಾಗಿಲು ತೆರೆದಿಡುವುದು, ಆಪ್ತಸಮಾಲೋಚನೆ, ತಾತ್ಕಾಲಿಕ ತಂಗುದಾಣ ಇದರ ಮುಖ್ಯ ಸೇವೆಗಳು. ವಾರಕ್ಕೊಮ್ಮೆ ನೆರೆಮನೆಯಲ್ಲಿ ಸೇರುವ ಅಯಲ್‌ಕೂಟದಲ್ಲಿ ಉಳಿತಾಯದ ಲೆಕ್ಕ ಬರೆಯುವ ಹೆಂಗಸರೇ ಈ ಕೇಂದ್ರದ ಕಣ್ಣು ಕಿವಿಗಳು. ಕೇಂದ್ರ ಸರಕಾರದ ಒನ್ ಸ್ಟಾಪ್ ಸೆಂಟರ್ ‘ಸಖಿ’ ಎಂಬ ಹೆಸರಿನಲ್ಲಿ ಕಾರ್ಯ ನಿರ್ವಹಿಸುತ್ತದೆ. ವೈದ್ಯರು, ಪೊಲೀಸರು, ವಕೀಲರು, ಸಮಾಲೋಚಕಿಯರು ಇವರೆಲ್ಲರ ನೆರವನ್ನು ಒಂದೇ ಸೂರಿನಡಿ ಒದಗಿಸುವುದು ಅದರ ಉದ್ದೇಶ. ಮಹಿಳಾ ಸಹಾಯವಾಣಿ 181 ಕೇರಳದಲ್ಲಿ ‘ಮಿತ್ರ’ ಎಂಬ ಹೆಸರು ಹೊತ್ತಿದೆ. ಪಂಚಾಯತಿನಲ್ಲಿ ಜಾಗ್ರತಾ ಸಮಿತಿಯಿದೆ. ಬಾಗಿಲುಗಳು ಹಲವಿವೆ. ಬಾಗಿಲು ತಟ್ಟಿದವಳ ಮಾತು ಒಳಗಿನವರಿಗೆ ಅರ್ಥವಾಗುತ್ತದೆಯೇ ಎಂಬುದು ಮುಂದಿನ ಪ್ರಶ್ನೆ.

ಮೂರು ಭಾಷೆಗಳ ನಡುವೆ

ಮಂಜೇಶ್ವರ, ಕಾಸರಗೋಡು ತಾಲೂಕುಗಳ ಎಷ್ಟೋ ಮನೆಗಳಲ್ಲಿ ಮಾತು ತುಳು, ಕೊಂಕಣಿ, ಮರಾಠಿ ಅಥವಾ ಹವ್ಯಕ ಕನ್ನಡ. ಓದು ಬರಹ ಕನ್ನಡ. ಕಚೇರಿಯ ಕಾಗದ ಮಲಯಾಳ. ಪೆರ್ಲದಿಂದಲೋ ವರ್ಕಾಡಿಯಿಂದಲೋ ಪೈವಳಿಕೆಯಿಂದಲೋ ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋಗುವ ತಾಯಿ ಈ ಮೂರನ್ನೂ ದಾಟಬೇಕು. ಪೇಟೆಯಲ್ಲಿ ತರಕಾರಿ ಕೊಳ್ಳುವಷ್ಟು ಮಲಯಾಳ ಅವಳಿಗೆ ಬರುತ್ತದೆ. ಆದರೆ ಗಂಡ ರಾತ್ರಿ ತನ್ನೊಡನೆ ಹೇಗೆ ನಡೆದುಕೊಂಡನೆಂದು ಹೇಳುವಷ್ಟು ಭಾಷೆ, ಬೇರೆ ಯಾವ ನುಡಿಯಲ್ಲೂ ಅವಳ ಬಾಯಿಗೆ ಬಾರದು.

ಕಾಗದ ಕೆಡುವುದು ಇಲ್ಲಿಯೇ. ನಮ್ಮ ಕಡೆಯ ಹೆಣ್ಣುಮಕ್ಕಳು ಮರ್ಯಾದೆಗೆ ಅಂಜಿ ಮಾತನ್ನು ಮೆದುವಾಗಿಸಿ ಆಡುತ್ತಾರೆ. ‘ಅವರು ಕೈ ಮಾಡಿದರು’ ಎನ್ನುತ್ತಾರೆ. ಹೊಡೆದರು ಎಂಬುದು ಅದರ ಅರ್ಥ. ‘ಮನೆ ಬಿಟ್ಟು ಬಂದೆ’ ಎನ್ನುತ್ತಾರೆ. ನಡುರಾತ್ರಿ ಬಾಗಿಲ ಹೊರಗೆ ನಿಲ್ಲಿಸಿ ಚಿಲಕ ಹಾಕಿದ್ದರೆಂಬುದು ಎರಡು ಸಲ ಕೇಳಿದ ಮೇಲೆ ಹೊರಬರುತ್ತದೆ. ‘ಚಿನ್ನ ಕೊಟ್ಟಿದ್ದೆ’ ಎನ್ನುತ್ತಾರೆ. ಕಪಾಟಿನ ಬೀಗ ಒಡೆದು ತೆಗೆದದ್ದೆಂದು ಆಮೇಲೆ ತಿಳಿಯುತ್ತದೆ. ಭಾಷೆ ಬಾರದವರು ಈ ಮಾತುಗಳನ್ನು ಇದ್ದ ಹಾಗೇ ಅನುವಾದಿಸಿದರೆ ಕಾಗದದ ಮೇಲೆ ಉಳಿಯುವುದು ತಾನಾಗಿ ಮನೆ ಬಿಟ್ಟವಳು, ತಾನಾಗಿ ಚಿನ್ನ ಕೊಟ್ಟವಳು. ವರ್ಷ ಕಳೆದ ಮೇಲೆ ಎದುರು ವಕೀಲರು ಅದೇ ಸಾಲನ್ನು ಓದಿ ಪ್ರಶ್ನಿಸಿದಾಗ ಅವಳಲ್ಲಿ ಉತ್ತರವಿರುವುದಿಲ್ಲ.

ಕಾನೂನು ಈ ತೊಡಕನ್ನು ಮರೆತಿಲ್ಲ. ನೊಂದ ಮಹಿಳೆಯ ಹಕ್ಕುಗಳನ್ನು ವಿವರಿಸುವ 4ನೆಯ ನಮೂನೆಯನ್ನು ಸಂರಕ್ಷಣಾಧಿಕಾರಿ ಅವಳಿಗೆ ಒದಗಿಸಬೇಕು. ಅದು ಇಂಗ್ಲಿಷಿನಲ್ಲಿ ಅಥವಾ ಸ್ಥಳೀಯ ಭಾಷೆಯಲ್ಲಿ ಇರಬೇಕು ಎಂದು ನಿಯಮಗಳು ಹೇಳುತ್ತವೆ. ಬಾಯಿಮಾತಿನಲ್ಲಿ ತಿಳಿಸಿದ ಮಾಹಿತಿಯನ್ನು ಬರಹಕ್ಕಿಳಿಸಿ, ಹೇಳಿದವರ ಸಹಿ ಪಡೆದು, ಪ್ರತಿಯೊಂದನ್ನು ಉಚಿತವಾಗಿ ಕೊಡಬೇಕು. ಸಂವಿಧಾನದ 350ನೆಯ ವಿಧಿ ಇನ್ನೂ ವಿಶಾಲವಾದುದು. ತನ್ನ ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೂ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು ಒಪ್ಪಿಕೊಂಡಿತು.

ಈ ಹಕ್ಕನ್ನು ನಾವು ಹೆಚ್ಚಾಗಿ ಕೇಳಿರುವುದು ಶಾಲೆಗಳ ಅಧ್ಯಾಪಕ ನೇಮಕಾತಿಯ ಸಂದರ್ಭದಲ್ಲಿ, ಬಸ್ಸಿನ ನಾಮಫಲಕದ ಸಂದರ್ಭದಲ್ಲಿ. ಅವು ನ್ಯಾಯವಾದ ಬೇಡಿಕೆಗಳೇ. ಆದರೆ ಕನ್ನಡದ ಹಕ್ಕು ತೀರಾ ಅಗತ್ಯವಾಗಿ ಬೇಕಾಗುವ ಜಾಗ ಕೌಟುಂಬಿಕ ಘಟನಾ ವರದಿಯ ಆ ಅಂಕಣ. ತನ್ನ ಮಾತನ್ನು ಕನ್ನಡದಲ್ಲೇ ಬರೆಯಿರಿ, ಓದಿ ಹೇಳಿ, ಆಮೇಲೆ ಸಹಿ ಹಾಕುತ್ತೇನೆ ಎಂದು ಕೇಳಲು ಅವಳಿಗೆ ಪೂರ್ಣ ಅಧಿಕಾರವಿದೆ. ಓದಲು ಬಾರದ ಕಾಗದಕ್ಕೆ ಸಹಿ ಹಾಕಲು ಯಾರೂ ಒತ್ತಾಯಿಸುವಂತಿಲ್ಲ.

ತಲಪಾಡಿಯ ಆಚೆ ಈಚೆ

ಗಡಿನಾಡಿನ ಹೆಣ್ಣುಮಕ್ಕಳಿಗೆ ಇನ್ನೊಂದು ಕಷ್ಟವಿದೆ. ಕುಂಬಳೆಯ ಹುಡುಗಿ ಪುತ್ತೂರಿಗೆ, ಬದಿಯಡ್ಕದ ಹುಡುಗಿ ವಿಟ್ಲಕ್ಕೆ, ಉಪ್ಪಳದ ಹುಡುಗಿ ಮಂಗಳೂರಿಗೆ ಮದುವೆಯಾಗಿ ಹೋಗುವುದು ಇಲ್ಲಿ ತೀರಾ ಸಹಜ. ಸಂಸಾರ ಮುರಿದಾಗ ಅವಳು ಮರಳುವುದು ತವರಿಗೆ, ಅಂದರೆ ಇನ್ನೊಂದು ರಾಜ್ಯಕ್ಕೆ. ಹೊಡೆದದ್ದು ಕರ್ನಾಟಕದಲ್ಲಿ, ನೆಲೆಸಿರುವುದು ಕೇರಳದಲ್ಲಿ. ‘ಅಲ್ಲಿಯೇ ದೂರು ಕೊಡಿ’ ಎಂಬ ಮಾತು ಕೇಳಿ ಹತಾಶಳಾಗುವ ಅಗತ್ಯವಿಲ್ಲ. ಕಾಯ್ದೆಯ 27ನೆಯ ಸೆಕ್ಷನ್ ಪ್ರಕಾರ ಅವಳು ಶಾಶ್ವತವಾಗಿ ಅಥವಾ ತಾತ್ಕಾಲಿಕವಾಗಿ ವಾಸಿಸುವ ಊರಿನ, ಅಥವಾ ದುಡಿಯುವ ಊರಿನ ಮ್ಯಾಜಿಸ್ಟ್ರೇಟರ ನ್ಯಾಯಾಲಯದಲ್ಲಿ ಅರ್ಜಿ ಹಾಕಬಹುದು. ತವರುಮನೆಯ ತಾತ್ಕಾಲಿಕ ವಾಸವೂ ಸಾಕು. ಅಲ್ಲಿ ಸಿಕ್ಕಿದ ಆದೇಶ ಭಾರತದಾದ್ಯಂತ ಜಾರಿಯಾಗುತ್ತದೆ. ತಲಪಾಡಿಯ ಗಡಿ ದಾಟಿದರೆ ಕಾಸರಗೋಡಿನ ಆದೇಶ ನಡೆಯದು ಎಂಬುದು ಬರಿಯ ಬೆದರಿಕೆ. ಸಂರಕ್ಷಣಾ ಆದೇಶವನ್ನು ಮುರಿದವನಿಗೆ 1 ವರ್ಷದ ವರೆಗೆ ಸೆರೆ ಅಥವಾ 20,000 ರೂಪಾಯಿ ವರೆಗೆ ದಂಡ ಅಥವಾ ಎರಡೂ ಆಗಬಹುದು.

ತಾಯಿಯ ಜೊತೆ ಬರುವ ಮಕ್ಕಳ ಓದು ಇನ್ನೊಂದು ಚಿಂತೆ. ವರ್ಷದ ನಡುವೆ, ವರ್ಗಾವಣೆ ಪತ್ರವಿಲ್ಲದೆ, ಕೈಯಲ್ಲೊಂದು ಚೀಲ ಹಿಡಿದು ಬಂದ ಮಕ್ಕಳನ್ನು ಶಾಲೆ ಸೇರಿಸಿಕೊಳ್ಳಬಹುದೇ? ಸೇರಿಸಿಕೊಳ್ಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಸೆಕ್ಷನ್ ಪ್ರಕಾರ ಪ್ರಾಥಮಿಕ ಶಿಕ್ಷಣದ ಮಗು ರಾಜ್ಯದೊಳಗೆ ಅಥವಾ ರಾಜ್ಯದ ಹೊರಗೆ, ಯಾವ ಕಾರಣಕ್ಕಾದರೂ ಸರಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಕೇಳಬಹುದು. ಹಳೆಯ ಶಾಲೆಯ ಮುಖ್ಯೋಪಾಧ್ಯಾಯರು ಕೂಡಲೇ ಪತ್ರ ಕೊಡಬೇಕು. ಪತ್ರ ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸಬಾರದು. ಕರ್ನಾಟಕದಲ್ಲಿ ಕನ್ನಡದಲ್ಲಿ ಕಲಿತ ಮಗು ಈಚೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಭಾಷೆ ಬದಲಿಸದೆ ಓದು ಮುಂದುವರಿಸಬಲ್ಲದು. ಮನೆ ಕಳೆದುಕೊಂಡ ಮಗುವಿಗೆ ಪಾಠದ ಭಾಷೆಯಾದರೂ ಉಳಿಯುತ್ತದೆ ಎಂಬುದು ಸಣ್ಣ ಮಾತಲ್ಲ. ಗಡಿನಾಡಿನ ಕನ್ನಡ ಶಾಲೆಗಳು ಮಾಡಬಹುದಾದ ಉಪಕಾರಗಳಲ್ಲಿ ಇದೂ ಒಂದು.

ರಾಜಿಯ ಮಾತು

ಸಂಸ್ಥೆಗಳ ಬಗೆಗೆ ಒಂದು ಎಚ್ಚರವೂ ಬೇಕು. ಆಪ್ತಸಮಾಲೋಚನೆ ಎಂದರೆ ಬುದ್ಧಿ ಹೇಳಿ ವಾಪಸು ಕಳುಹಿಸುವುದು ಎಂದು ಬಗೆದವರು ನಮ್ಮಲ್ಲಿದ್ದಾರೆ. ಊರ ಹಿರಿಯರು ನಡುಮನೆಯಲ್ಲಿ ಕುಳಿತು ಮಾಡುವ ಪಂಚಾಯತಿಕೆಗೂ ಕಾನೂನಿನ ಸಮಾಲೋಚನೆಗೂ ಬಹಳ ವ್ಯತ್ಯಾಸವಿದೆ. ಹಿರಿಯರ ಮುಂದೆ ಗಂಡ ಮೊದಲು ಹೇಳುವುದು ಕಾರಣಗಳನ್ನು: ಅಡುಗೆ ತಡವಾಯಿತು, ಎದುರು ಮಾತನಾಡಿದಳು, ಫೋನಿನಲ್ಲಿ ಇದ್ದಳು. 2006ರ ನಿಯಮಗಳ 14ನೆಯ ನಿಯಮ ಇದಕ್ಕೆ ತಡೆ ಹಾಕಿದೆ. ಹಿಂಸೆಗೆ ಸಮರ್ಥನೆ ಕೊಡಲು ಸಮಾಲೋಚನೆಯಲ್ಲಿ ಅವಕಾಶವೇ ಇಲ್ಲ, ಮತ್ತು ಅದನ್ನು ಆರಂಭದಲ್ಲೇ ಎದುರು ಕಕ್ಷಿಗೆ ತಿಳಿಸಬೇಕು. ಇನ್ನು ಮುಂದೆ ಅಂಥ ಹಿಂಸೆ ಎಸಗುವುದಿಲ್ಲವೆಂಬ ಮುಚ್ಚಳಿಕೆಯನ್ನೂ ಅವನು ಬರೆದುಕೊಡಬೇಕು.

ಹೀಗಿರುವಾಗ ರಾಜಿ ಮಾಡಿಸಿದ ಪ್ರಕರಣಗಳ ಸಂಖ್ಯೆಯನ್ನೇ ಹೆಮ್ಮೆಯಿಂದ ಹೇಳಿಕೊಳ್ಳುವ ಸಂಸ್ಥೆಯನ್ನು ಒಂದು ಪ್ರಶ್ನೆ ಕೇಳಬೇಕು: ವಾಪಸು ಹೋದವಳು ಆರು ತಿಂಗಳ ಮೇಲೆ ಹೇಗಿದ್ದಾಳೆಂದು ವಿಚಾರಿಸಿದವರು ಯಾರು? ಒಳ್ಳೆಯ ಸಂಸ್ಥೆಯನ್ನು ಗುರುತಿಸಲು ಈ ಪ್ರಶ್ನೆಯೊಂದೇ ಸಾಕು.

ಉಳಿದಿರುವ ಕೊರತೆ

ಕಾಯ್ದೆಯ ಪ್ರಕಾರ ಅರ್ಜಿ ಬಂದ 3 ದಿನಗಳೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ನಡೆಯಬೇಕು. ಆ ದಿನದಿಂದ 60 ದಿನಗಳೊಳಗೆ ಇತ್ಯರ್ಥಗೊಳಿಸಲು ನ್ಯಾಯಾಲಯ ಯತ್ನಿಸಬೇಕು. ನಡೆಯುತ್ತಿರುವುದು ಬೇರೆ, ನೋಟೀಸು ತಲುಪುವುದರಲ್ಲೇ ತಿಂಗಳುಗಳು ಕಳೆಯುತ್ತವೆ. ತುರ್ತಾಗಿದ್ದಲ್ಲಿ ಎದುರು ಕಕ್ಷಿ ಹಾಜರಾಗುವ ಮೊದಲೇ ಮಧ್ಯಂತರ ಆದೇಶ ಹೊರಡಿಸುವ ಅಧಿಕಾರ 23ನೆಯ ಸೆಕ್ಷನ್‌ನಲ್ಲಿದೆ. ಅದನ್ನು ಕೇಳಬೇಕೆಂದು ನೊಂದವಳಿಗೆ ತಿಳಿಸಿಕೊಡುವವರು ಬೇಕು.

ಕಾಯ್ದೆಯ ಬೆನ್ನೆಲುಬಾದ ಸಂರಕ್ಷಣಾಧಿಕಾರಿಗಳ ಕೊರತೆಯೂ ಇದೆ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಈ ಹೊಣೆಯನ್ನೂ ವಹಿಸಲಾಗಿದೆ. ಕೈತುಂಬ ಕೆಲಸವಿರುವವರಿಗೆ ಇನ್ನೊಂದು ಕೆಲಸ. ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯ ಅಧಿಕಾರಿಗಳನ್ನು ಜಿಲ್ಲಾ ಹಾಗೂ ತಾಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳಾಗಿ ಗೊತ್ತುಪಡಿಸುವಂತೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಆದೇಶಿಸಿತು. ‘ವಿ ದ ವುಮೆನ್ ಆಫ್ ಇಂಡಿಯಾ’ ಎಂಬ ಸಂಘಟನೆ ಸಲ್ಲಿಸಿದ ಅರ್ಜಿಯಲ್ಲಿ ಈ ಆದೇಶ ಬಂತು. ಇಲ್ಲಿಯೂ ನ್ಯಾಯಾಲಯದ ಬಾಗಿಲು ತಟ್ಟಿದ್ದು ಸ್ವಯಂಸೇವಾ ಸಂಸ್ಥೆಯೇ. ತಾಲೂಕಿಗೊಬ್ಬ ಅಧಿಕಾರಿ ಬರುವುದಾದರೆ ಮಂಜೇಶ್ವರ, ಕಾಸರಗೋಡು ತಾಲೂಕುಗಳಿಗೆ ಕನ್ನಡ ಬಲ್ಲವರೇ ಬರಲಿ ಎಂದು ಕೇಳುವ ಸಮಯ ಇದು.

ಶಾಲೆಯ ಅಂಗಳದಿಂದ

ಮನೆಯೊಳಗಿನ ಹಿಂಸೆ ಹೊರಗೆ ಮೊದಲು ಕಾಣಿಸುವುದು ಹಲವು ಸಲ ಶಾಲೆಯಲ್ಲೇ. ಲವಲವಿಕೆಯ ಹುಡುಗಿ ಮೂಲೆ ಸೇರುತ್ತಾಳೆ. ಸೋಮವಾರಗಳಂದು ಗೈರುಹಾಜರಿ ಹೆಚ್ಚುತ್ತದೆ. ರಕ್ಷಕ ಶಿಕ್ಷಕ ಸಂಘದ ಸಭೆಗೆ ಬರುತ್ತಿದ್ದ ತಾಯಿ ಬರುವುದನ್ನು ನಿಲ್ಲಿಸುತ್ತಾಳೆ. ಇದನ್ನು ಕಂಡ ಅಧ್ಯಾಪಿಕೆ ಏನು ಮಾಡಬಹುದು? ಹಿಂಸೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯುವ ಸಂಭವವಿದೆ ಎಂದು ನಂಬಲು ಕಾರಣವಿರುವ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು ಎಂದು 4ನೆಯ ಸೆಕ್ಷನ್ ಹೇಳುತ್ತದೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ನೆರೆಯವರಿಗೂ, ಅಂಗನವಾಡಿ ಕಾರ್ಯಕರ್ತೆಗೂ, ಆಶಾ ಕಾರ್ಯಕರ್ತೆಗೂ ಇದೇ ಮಾತು ಅನ್ವಯಿಸುತ್ತದೆ. ಆದರೆ ತಿಳಿಸುವ ಮೊದಲು ಆ ತಾಯಿಯೊಡನೆ ಒಮ್ಮೆ ಒಂಟಿಯಾಗಿ ಮಾತನಾಡುವುದು ವಿವೇಕ. ಅವಳಿಗೆ ತಿಳಿಯದೆ ಹೊರಟ ದೂರು ಆ ರಾತ್ರಿ ಅವಳ ಮೇಲೆಯೇ ತಿರುಗಿ ಬೀಳಬಹುದು.

ಪ್ರತಿಯೊಂದು ಕನ್ನಡ ಶಾಲೆಯ ಗೋಡೆಯಲ್ಲಿ ಕನ್ನಡ ಅಕ್ಷರಗಳಲ್ಲಿ ನಾಲ್ಕು ಸಂಖ್ಯೆಗಳಿರಲಿ: ಮಹಿಳಾ ಸಹಾಯವಾಣಿ 181, ತುರ್ತು ನೆರವು 112, ಮಕ್ಕಳ ಸಹಾಯವಾಣಿ 1098, ಉಚಿತ ಕಾನೂನು ನೆರವು 15100. ಕಾನೂನು ಸೇವಾ ಪ್ರಾಧಿಕಾರಗಳ 1987ರ ಕಾಯ್ದೆಯಂತೆ ಮಹಿಳೆಗೆ ಉಚಿತ ವಕೀಲರನ್ನು ಪಡೆಯಲು ಆದಾಯದ ಮಿತಿಯಿಲ್ಲ ಎಂಬುದನ್ನೂ ಅದರ ಕೆಳಗೆ ಬರೆಯಲಿ. ತಾಯಂದಿರ ಸಭೆಯಲ್ಲಿ ವರ್ಷಕ್ಕೊಮ್ಮೆಯಾದರೂ ತಾಲೂಕು ಕಾನೂನು ಸೇವಾ ಸಮಿತಿಯವರನ್ನೋ ಸ್ನೇಹಿತಾದವರನ್ನೋ ಕರೆದು ಕನ್ನಡದಲ್ಲಿ ಮಾತನಾಡಿಸಲಿ.

ಇನ್ನೊಂದು ಕೆಲಸ ಕನ್ನಡ ಸಂಘಟನೆಗಳದು. ಈ ಶಾಲೆಗಳಲ್ಲಿ ಓದಿದ ಸಮಾಜಕಾರ್ಯ ಪದವೀಧರೆಯರು, ಕಾನೂನು ಪದವೀಧರೆಯರು, ನಿವೃತ್ತ ಅಧ್ಯಾಪಿಕೆಯರು ಊರೂರಲ್ಲಿ ಇದ್ದಾರೆ. ಕನ್ನಡ, ತುಳು, ಮಲಯಾಳ ಮೂರನ್ನೂ ಬಲ್ಲವರು ಅವರು. ಸಹಾಯಕೇಂದ್ರಗಳಿಗೆ, ಆಶ್ರಯಧಾಮಗಳಿಗೆ ಇಂಥವರ ಪಟ್ಟಿಯೊಂದನ್ನು ಮಾಡಿ ಕೊಟ್ಟರೆ, ವಾರದ ಯಾವ ದಿನ ಯಾರು ಬರಬಲ್ಲರೆಂದು ತಿಳಿಸಿದರೆ, ಅದಕ್ಕೆ ಸರಕಾರದ ಆದೇಶವೂ ಬೇಡ, ಅನುದಾನವೂ ಬೇಡ. ಪೆರ್ಲದಿಂದ ಬಸ್ಸು ಹತ್ತಿ ಬಂದ ತಾಯಿ ಆ ಮೇಜಿನ ಮುಂದೆ ಕುಳಿತಾಗ, ಎದುರು ಕುರ್ಚಿಯಲ್ಲಿದ್ದವರು ‘ಏನಾಯಿತು ಅಕ್ಕ, ನಿಧಾನವಾಗಿ ಹೇಳಿ’ ಎಂದು ಅವಳ ಮಾತಿನಲ್ಲೇ ಕೇಳಬೇಕು. ಬರೆದದ್ದನ್ನು ಅವಳ ಮಾತಿನಲ್ಲೇ ಓದಿ ಹೇಳಬೇಕು. ಸಹಿ ಹಾಕುವುದು ಅದಾದ ಮೇಲೆ.